ಐದು ವರ್ಷದ ಕವಳೆ ಬೇಲಿ, ಒಂದು ಹೂವೂ ಇಲ್ಲ: ತೆಗೆಸುವ ಮುನ್ನ ಕೇಳುತ್ತಿದ್ದೇನೆ

ಮೂಲೆಮನೆ (ವಿಜಯನಗರ, ಮೈಸೂರು), 22 ಸೆಪ್ಟೆಂಬರ್ 2024

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಲೆ ನಿವೇಶನದ ಮನೆ. 2019ರ ಮಳೆಗಾಲದಲ್ಲಿ ಕಾಂಪೌಂಡಿನ ಒಳಬದಿಗೆ ಎರಡೆರಡು ಅಡಿ ಅಂತರ ಬಿಟ್ಟು ಹನ್ನೊಂದು ಕವಳೆ ಸಸಿ ನೆಟ್ಟೆವು. ಗೋಡೆ ಎತ್ತರಿಸುವ ಬದಲು ಗಿಡದ ಬೇಲಿ ಇರಲಿ ಎಂಬುದು ನಮ್ಮ ಯಜಮಾನರ ಆಸೆ, ಆ ಗಿಡ ಕವಳೆಯೇ ಆಗಬೇಕು ಎಂಬುದು ನನ್ನ ಹಟ. ಬೇಸಿಗೆ ರಜೆಗೆ ಪಾಂಡವಪುರದ ಅಜ್ಜಿಯ ಮನೆಗೆ ಹೋದಾಗ ಕುಂತಿಬೆಟ್ಟದ ತಪ್ಪಲಿನಲ್ಲಿ ಕವಳೆ ಹಣ್ಣು ಕಿತ್ತು ಲಂಗದಲ್ಲಿ ಕಟ್ಟಿಕೊಂಡು ಬರುತ್ತಿದ್ದೆವು. ತುಟಿಯೆಲ್ಲ ಅಂಟು, ಬೆರಳೆಲ್ಲ ನೇರಳೆ ಬಣ್ಣ. ಆ ರುಚಿ ನನ್ನ ಮಕ್ಕಳಿಗೂ ಗೊತ್ತಾಗಲಿ ಎಂದೇ ನೆಟ್ಟಿದ್ದು.

ಗಿಡಗಳೇನೋ ಎದೆಯುದ್ದ ಬೆಳೆದು ಹಸಿರು ಗೋಡೆಯ ಹಾಗೆ ನಿಂತಿವೆ. ಆದರೆ ಐದು ವರ್ಷದಲ್ಲಿ ನಾನು ಒಂದು ಹೂವನ್ನೂ ನೋಡಿಲ್ಲ. ಗುಲಾಬಿ, ದಾಸವಾಳಕ್ಕೆ ಬಿಡುವ ಪೈಪಿನಲ್ಲೇ ದಿನ ಬಿಟ್ಟು ದಿನ ನೀರು ಬಿಡುತ್ತೇವೆ. ಎರಡು ತಿಂಗಳಿಗೊಮ್ಮೆ ಮಾಲಿ ಬುಡಕ್ಕೆ ಒಂದು ಹಿಡಿ ಯೂರಿಯಾ ಹಾಕುತ್ತಾರೆ. ಯುಗಾದಿ, ದಸರಾ, ಸಂಕ್ರಾಂತಿ ಬರುವ ಮುಂಚೆ ವರ್ಷಕ್ಕೆ ಮೂರು ಸಲ ಕತ್ತರಿ ಹಾಕಿ ಸಮ ಮಾಡುತ್ತಾರೆ. ಮುಂದಿನ ಭಾನುವಾರ ದಸರಾದ ಸವರಿಕೆ ಇದೆ.

ಇದು ಗಂಡು ಗಿಡವಿರಬಹುದು, ತೆಗೆಸಿ ಬೇರೆ ಏನಾದರೂ ಹಾಕಿಸೋಣ ಎಂಬ ಮಾತು ಮನೆಯಲ್ಲಿ ಬಂದಿದೆ. ಕೀಳಿಸುವುದಕ್ಕೆ ನನಗೆ ಮನಸ್ಸು ಬರುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ರಾಗಿಹೊಲ (ನಾಗಮಂಗಲ), 22 ಸೆಪ್ಟೆಂಬರ್ 2024

ತಾಯಿ, ಮೊದಲು ಆ ಮಾಲಿಗೆ ಫೋನ್ ಮಾಡಿ, ಭಾನುವಾರ ಬರುವುದು ಬೇಡ ಎನ್ನಿ. ಉಳಿದದ್ದನ್ನು ಆಮೇಲೆ ಮಾತನಾಡೋಣ.

ಕವಳೆಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಎಂದು ಬೇರೆ ಬೇರೆ ಇಲ್ಲ. ಒಂದೇ ಹೂವಿನಲ್ಲಿ ಎರಡೂ ಇರುತ್ತವೆ. ನಿಮ್ಮ ಗಿಡ ಹೂ ಬಿಡದಿರುವುದಕ್ಕೆ ಕಾರಣ ಕತ್ತರಿ. ಕವಳೆ ಹೂ ಬಿಡುವುದು ರೆಂಬೆಯ ತುದಿಯಲ್ಲಿ, ಗೊಂಚಲು ಗೊಂಚಲಾಗಿ. ಮಳೆಗಾಲದಲ್ಲಿ ಹೊಸ ಕುಡಿ ಬರುತ್ತದೆ, ಚಳಿಯಲ್ಲಿ ಅದು ಬಲಿಯುತ್ತದೆ, ಸಂಕ್ರಾಂತಿ ಕಳೆದ ಮೇಲೆ ಅದೇ ಕುಡಿಯ ತುದಿಯಲ್ಲಿ ಮೊಗ್ಗು ಕಟ್ಟುತ್ತದೆ. ನೀವು ದಸರಾಕ್ಕೆ ಕುಡಿ ಕತ್ತರಿಸುತ್ತೀರಿ. ಅದು ಪಾಪ ಮತ್ತೆ ಚಿಗುರಿದರೆ ಸಂಕ್ರಾಂತಿಗೆ ಮತ್ತೆ ಕತ್ತರಿಸುತ್ತೀರಿ. ಅಷ್ಟಾಗಿಯೂ ಎಲ್ಲೋ ನಾಲ್ಕು ಮೊಗ್ಗು ಉಳಿದುಕೊಂಡರೆ ಯುಗಾದಿಗೆ ಅದೂ ಹೋಯಿತು.

ನಮ್ಮ ರಾಗಿ ಹೊಲದ ಬದುವಿನ ಮೇಲೆ ಅಪ್ಪ ಹಾಕಿದ ಕವಳೆ ಬೇಲಿ ಇದೆ. ನನಗೀಗ ಅರವತ್ತೆರಡು ವರ್ಷ. ನಾನು ಶಾಲೆಗೆ ಹೋಗುವಾಗಲೇ ಅದು ನನಗಿಂತ ಎತ್ತರವಿತ್ತು. ಅದಕ್ಕೆ ಒಂದು ಬಿಂದಿಗೆ ನೀರನ್ನು ಯಾರೂ ಹೊತ್ತು ಹಾಕಿದ್ದನ್ನು ನಾನು ಕಂಡಿಲ್ಲ. ವರ್ಷಕ್ಕೆ ಒಂದೇ ಸಲ, ಹಣ್ಣು ಮುಗಿದ ಮೇಲೆ ಆಷಾಢ ಶ್ರಾವಣದ ಹೊತ್ತಿಗೆ ಮಚ್ಚಿನಲ್ಲಿ ಸವರುತ್ತೇವೆ.

ನಾಲೆಯ ಕೆಳಗೆ (ಮಂಡ್ಯ ತಾಲ್ಲೂಕು), 22 ಸೆಪ್ಟೆಂಬರ್ 2024

ಅಣ್ಣ, ನಿಮ್ಮ ಮಾತನ್ನು ಅಲ್ಲಗಳೆಯುತ್ತಿಲ್ಲ, ಆದರೆ ನನಗೆ ನೀರಿನ ಮೇಲೆಯೇ ಅನುಮಾನ. ದಿನ ಬಿಟ್ಟು ದಿನ ನೀರು, ಅದರ ಜೊತೆಗೆ ಯೂರಿಯಾ. ಹೊಟ್ಟೆ ತುಂಬಿದ ಗಿಡ ಎಲೆ ಬಿಡುತ್ತದೆ, ಹೂವಿನ ಯೋಚನೆ ಏಕೆ ಮಾಡೀತು?

ನನ್ನ ಅನುಭವ ಇದಕ್ಕಿಂತ ಕೆಟ್ಟದ್ದು. ನಮ್ಮದು ವಿಶ್ವೇಶ್ವರಯ್ಯ ನಾಲೆಯ ಬಯಲು. ಪಕ್ಕದಲ್ಲೇ ಭತ್ತ, ಕಬ್ಬು. ಮನೆಯ ಹಿಂದೆ ತಗ್ಗಿನಲ್ಲಿ ಎರಡು ಕವಳೆ ಸಸಿ ನೆಟ್ಟೆ. ನಾಲೆಗೆ ನೀರು ಬಿಟ್ಟ ಮೇಲೆ ಆ ಜಾಗ ತಿಂಗಳುಗಟ್ಟಲೆ ಜೌಗು ಹಿಡಿಯಿತು. ಮೊದಲು ಎಲೆ ಹಳದಿಯಾಯಿತು, ಆಮೇಲೆ ಉದುರಿತು. ಕಿತ್ತು ನೋಡಿದರೆ ಬೇರು ಕಪ್ಪಾಗಿ, ಸಿಪ್ಪೆ ಕೈಗೇ ಕಳಚಿ ಬಂತು. ಬರವನ್ನು ತಡೆಯುವ ಗಿಡ ನಿಂತ ನೀರನ್ನು ತಡೆಯಲಿಲ್ಲ.

ಪಿಕಳಾರ (ಕುವೆಂಪುನಗರ, ಮೈಸೂರು), 22 ಸೆಪ್ಟೆಂಬರ್ 2024

ಇಬ್ಬರ ಮಾತೂ ಸರಿ ಇರಬಹುದು. ಮೂಲೆಮನೆ ಅವರೇ, ನಿಮ್ಮ ಬೇಲಿಯಲ್ಲಿ ಕತ್ತರಿ ತಾಗದ ಜಾಗ ಎಲ್ಲಾದರೂ ಇದೆಯೇ? ತೊಟ್ಟಿಯ ಹಿಂದೆ, ಮೋಟರ್ ಪೆಟ್ಟಿಗೆಯ ಪಕ್ಕ, ಎಲ್ಲಾದರೂ ಸರಿ. ನೀರು, ಗೊಬ್ಬರ ಎಲ್ಲಕ್ಕೂ ಒಂದೇ, ಕತ್ತರಿ ಮಾತ್ರ ಒಂದು ಕಡೆ ಬಿದ್ದಿಲ್ಲ ಎಂಬಂಥ ರೆಂಬೆ ಸಿಕ್ಕರೆ ಅಲ್ಲಿ ಹೋಗಿ ನೋಡಿ. ಹೂವಿನ ಕಾಲ ಮುಗಿದಿದೆ, ಒಣಗಿದ ತೊಟ್ಟಾದರೂ ಇರಬೇಕು.

ಮೂಲೆಮನೆ, 23 ಸೆಪ್ಟೆಂಬರ್ 2024

ಇವತ್ತು ಬೆಳಗ್ಗೆ ಕಾಫಿ ಕುಡಿಯುವುದನ್ನೂ ಬಿಟ್ಟು ಹೋಗಿ ನೋಡಿದೆ. ಹೇಳಲೇಬೇಕು.

ನಮ್ಮ ಪಡುವಣ ಗೋಡೆಯ ಆಚೆ ಖಾಲಿ ನಿವೇಶನವಿದೆ. ಪಾರ್ಥೇನಿಯಂ ಬೆಳೆದು ನಿಂತಿರುವುದರಿಂದ ಆ ಕಡೆಗೆ ಯಾರೂ ಹೋಗುವುದಿಲ್ಲ, ಮಾಲಿಯೂ ಹೋಗುವುದಿಲ್ಲ. ಕೊನೆಯ ಎರಡು ಗಿಡಗಳ ರೆಂಬೆಗಳು ಗೋಡೆ ದಾಟಿ ಆಚೆ ಬಾಗಿವೆ. ಕುರ್ಚಿ ಹಾಕಿಕೊಂಡು ಬಗ್ಗಿ ನೋಡಿದರೆ ರೆಂಬೆಗಳ ತುದಿಯಲ್ಲಿ ಒಣಗಿದ ತೊಟ್ಟುಗಳು! ಒಂದು ಗೊಂಚಲಿನಲ್ಲಿ ಮೂರು ಕಪ್ಪು ಹಣ್ಣುಗಳು ಒಣದ್ರಾಕ್ಷಿಯ ಹಾಗೆ ಸುರುಟಿಕೊಂಡು ಇನ್ನೂ ಅಂಟಿಕೊಂಡಿವೆ. ಒಂದನ್ನು ಬಿಡಿಸಿ ನೋಡಿದೆ, ಒಳಗೆ ನಾಲ್ಕು ಚಪ್ಪಟೆ ಕಂದು ಬೀಜಗಳಿದ್ದವು.

ಅದೇ ಗಿಡ, ಅದೇ ಬುಡ, ಅದೇ ನೀರು. ನಮ್ಮ ಕಡೆಯ ಅರ್ಧ ಬರಿದು, ಆಚೆಯ ಅರ್ಧದಲ್ಲಿ ಹಣ್ಣು. ಐದು ವರ್ಷ ನಾನು ಗೋಡೆಯ ಈಚೆ ನಿಂತು ಕಾಯುತ್ತಿದ್ದೆ, ಅದು ಆಚೆ ಹಣ್ಣು ಬಿಟ್ಟು ಉದುರಿಸುತ್ತಿತ್ತು. ಕಣ್ಣಲ್ಲಿ ನೀರು ಬಂತು. ಮಾಲಿಗೆ ಫೋನ್ ಮಾಡಿ ಬೇಡವೆಂದೆ.

ನಾಲೆಯ ಕೆಳಗೆ, 23 ಸೆಪ್ಟೆಂಬರ್ 2024

ಒಪ್ಪಿಕೊಂಡೆ, ರಾಗಿಹೊಲ ಅಣ್ಣ. ಕತ್ತರಿಯೇ ಕಾರಣ. ಆದರೂ ಅಕ್ಕ, ಯೂರಿಯಾ ನಿಲ್ಲಿಸಿಬಿಡಿ. ಎಲೆಗೆ ಹಾಕುವ ಗೊಬ್ಬರ ಅದು.

ರಾಗಿಹೊಲ, 23 ಸೆಪ್ಟೆಂಬರ್ 2024

ತಮ್ಮ ಹೇಳಿದ್ದು ಸರಿ. ಯೂರಿಯಾ ಬೇಡ. ಮುಂಗಾರಿನಲ್ಲಿ ಬುಡಕ್ಕೆ ಒಂದೊಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಸಾಕು. ನೀರನ್ನೂ ದೀಪಾವಳಿಯಿಂದಾಚೆಗೆ ಪೂರ್ತಿ ಬಿಡಿ. ಬೇರು ಇಳಿದ ಐದು ವರ್ಷದ ಗಿಡ, ಮೈಸೂರಿನ ಕೆಮ್ಮಣ್ಣು. ಏನೂ ಆಗುವುದಿಲ್ಲ. ಎಲೆ ಸ್ವಲ್ಪ ಮಂಕಾದರೆ ಗಾಬರಿಯಾಗಿ ಪೈಪ್ ಹಿಡಿಯಬೇಡಿ.

ಬೇಲಿ ಅಂಕುಡೊಂಕಾಗಿ ಕಾಣಿಸುತ್ತದೆ ಎಂದು ಮನೆಯವರು ಅಂದಾರು. ಒಂದು ವರ್ಷ ತಡೆದುಕೊಳ್ಳಲಿ.

ಹೊಸ ಬಡಾವಣೆ (ಇಲವಾಲ), 25 ಸೆಪ್ಟೆಂಬರ್ 2024

ಈ ಚರ್ಚೆ ಓದಿ ನನಗೂ ಆಸೆಯಾಗಿದೆ. ನಮ್ಮದು ಹೊಸ ಮನೆ, 40 ಅಡಿ ಉದ್ದಕ್ಕೆ ಬೇಲಿ ಬೇಕು. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಕವಳೆ ದಂಡಿಯಾಗಿದೆ ಎಂದು ಕೇಳಿದ್ದೇನೆ. ಮಳೆ ಇರುವಾಗಲೇ ಹತ್ತು ಹನ್ನೆರಡು ಗಿಡ ಅಗೆದು ತಂದರೆ ಹತ್ತುತ್ತವೆಯೇ? ಇನ್ನೊಂದು, ನಮ್ಮ ಮಗುವಿಗೆ ಮೂರು ವರ್ಷ. ಮುಳ್ಳಿನ ಗಿಡ, ಮುರಿದರೆ ಹಾಲು ಬರುತ್ತದೆ. ಕಣಗಿಲೆಯ ಜಾತಿಯದ್ದು ಎಂದೂ ಯಾರೋ ಹೆದರಿಸಿದರು. ಅಪಾಯವಿಲ್ಲವೇ?

ಪಿಕಳಾರ, 25 ಸೆಪ್ಟೆಂಬರ್ 2024

ಬೆಟ್ಟದಿಂದ ಅಗೆದು ತರುವ ಯೋಚನೆಯನ್ನು ಇವತ್ತೇ ಬಿಟ್ಟುಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಅದು ಮೀಸಲು ಅರಣ್ಯ. ಅಲ್ಲಿಂದ ಗಿಡ ಕೀಳುವುದು ಅಪರಾಧ. ಕಾನೂನಿನ ಮಾತು ಹಾಗಿರಲಿ, ಏಪ್ರಿಲ್ ಬಿಸಿಲಿನಲ್ಲಿ ಆ ಕುರುಚಲು ಕಾಡಿಗೆ ಬಂದು ನೋಡಿ. ಬಂಡೆ ಕಾದು ಸುಡುತ್ತಿರುತ್ತದೆ, ಹುಲ್ಲು ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ. ಅದರ ನಡುವೆ ಹಸಿರಾಗಿರುವುದು ಕವಳೆಯ ಪೊದೆ. ಪಿಕಳಾರ ಅದರೊಳಗೆ ಗೂಡು ಕಟ್ಟುತ್ತದೆ, ಮುಳ್ಳಿನ ಕಾವಲಿನಲ್ಲಿ ಮರಿ ಮಾಡುತ್ತದೆ. ಹಣ್ಣು ತಿಂದು ಬೀಜವನ್ನು ಬೇರೆ ಕಡೆ ಬಿತ್ತುವುದೂ ಅದೇ. ನೀವು ಹನ್ನೆರಡು ಪೊದೆ ಅಗೆದರೆ ಎಷ್ಟು ಗೂಡು ಹೋಗುತ್ತವೆ ಎಂದು ಒಮ್ಮೆ ಯೋಚಿಸಿ.

ಅಷ್ಟು ಮಾಡಿಯೂ ಅವು ಬದುಕುವುದಿಲ್ಲ. ಬಂಡೆಯ ಸಂದಿಗೆ ಇಳಿದ ಬೇರು ಇಡಿಯಾಗಿ ಬರುವುದಿಲ್ಲ, ಅರ್ಧಕ್ಕೆ ಕಡಿದು ಬರುತ್ತದೆ.

ಇನ್ನೊಂದು ವಿಷಯ. ಬೆಟ್ಟದಲ್ಲಿ ಹೆಚ್ಚಾಗಿ ಇರುವುದು ಸಣ್ಣ ಹಣ್ಣಿನ ಕಾಡು ಕವಳೆ, ಶಾಸ್ತ್ರದ ಹೆಸರು ಕ್ಯಾರಿಸ್ಸಾ ಸ್ಪೈನಾರಮ್. ಹಣ್ಣು ಬಟಾಣಿಗಿಂತ ತುಸು ದಪ್ಪ. ತೋಟಕ್ಕೆ ಹಾಕುವುದು ಕ್ಯಾರಿಸ್ಸಾ ಕ್ಯಾರಂಡಾಸ್. ಅದರ ಕಾಯಿ ದಪ್ಪ ಗೋಲಿಯಷ್ಟಾಗುತ್ತದೆ. ಕರಾವಳಿಯವರು ಕರಂಡೆ ಎನ್ನುವುದು ಇದನ್ನೇ. ಆಯ್ದು ಬೆಳೆಸಿದ ತಳಿಗಳೂ ಇವೆ. ಪಂತನಗರದ ಕೃಷಿ ವಿಶ್ವವಿದ್ಯಾಲಯದ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ, ದಾಪೋಲಿಯ ಕೊಂಕಣ್ ಬೋಲ್ಡ್. ನರ್ಸರಿಯಲ್ಲಿ ಹೆಸರು ಹೇಳಿ ಕೇಳಿ.

ಮಗುವಿನ ವಿಷಯ. ಕಣಗಿಲೆಯ ಕುಟುಂಬವೇ ಹೌದು, ಆದರೆ ಕಣಗಿಲೆಯ ವಿಷ ಕವಳೆಯ ಹಣ್ಣಿನಲ್ಲಿ ಇಲ್ಲ. ನಮ್ಮ ಹಿರಿಯರು ತಲೆತಲಾಂತರದಿಂದ ತಿಂದುಕೊಂಡು ಬಂದಿದ್ದಾರೆ. ಭಯಪಡಬೇಕಾದದ್ದು ಮುಳ್ಳಿಗೆ. ಒಂದೂವರೆ ಎರಡು ಅಂಗುಲ ಉದ್ದ, ಸೂಜಿಯಷ್ಟು ಚೂಪು, ಜೋಡಿ ಜೋಡಿ. ಮಗು ಓಡಾಡುವ ದಾರಿಯ ಪಕ್ಕ, ಗೇಟಿನ ಪಕ್ಕ ಹಾಕಬೇಡಿ. ಅವಳಿಗೆ ಐದಾರು ವರ್ಷವಾಗುವವರೆಗೆ ಒಳಬದಿಯ ಕೆಳಗಿನ ರೆಂಬೆಗಳನ್ನು ಮೊಣಕಾಲೆತ್ತರದವರೆಗೆ ತೆಗೆದುಬಿಡಿ.

ಹೊಸ ಬಡಾವಣೆ, 25 ಸೆಪ್ಟೆಂಬರ್ 2024

ಕ್ಷಮಿಸಿ ಸರ್, ತಿಳಿಯದೆ ಕೇಳಿದೆ. ಬೆಟ್ಟಕ್ಕೆ ಕೈ ಹಾಕುವುದಿಲ್ಲ. ಆದರೆ ನಮ್ಮ ಮಾವನವರು ತಂತಿ ಬೇಲಿಯೇ ಭದ್ರ, ಗಿಡವನ್ನು ನಂಬಿ ಕೂರಬೇಡ ಎನ್ನುತ್ತಾರೆ.

ಹಳೆಯ ಕಡತ (ಸರಸ್ವತಿಪುರಂ, ಮೈಸೂರು), 26 ಸೆಪ್ಟೆಂಬರ್ 2024

ನಿಮ್ಮ ಮಾವನವರಿಗೆ ಇದನ್ನು ಓದಿ ಹೇಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಉಪ್ಪಿನ ಸುಂಕ ತಪ್ಪಿಸಿ ಯಾರೂ ಉಪ್ಪು ಸಾಗಿಸಬಾರದೆಂದು ಬ್ರಿಟಿಷರು ಪಂಜಾಬಿನ ಕಡೆಯಿಂದ ಒರಿಸ್ಸಾದವರೆಗೆ ಸುಂಕದ ಗಡಿಯೊಂದನ್ನು ಎಳೆದರು. ಅದರ ಉದ್ದಕ್ಕೂ ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಮುಳ್ಳಿನ ಜೀವಂತ ಬೇಲಿ ಬೆಳೆಸಿದರು. ಜಾಲಿ, ಬೋರೆ, ಪಾಪಾಸುಕಳ್ಳಿಯ ಜೊತೆಗೆ ಆ ಬೇಲಿಗೆ ಆರಿಸಿಕೊಂಡ ಗಿಡಗಳಲ್ಲಿ ಕವಳೆಯೂ ಒಂದು. 1879ರಲ್ಲಿ ಆ ಗಡಿಯನ್ನು ಕೈಬಿಟ್ಟರು. ಬಡವರ ಬಾಯಿಯ ಉಪ್ಪನ್ನು ತಡೆಯಲು ಈ ಗಿಡವನ್ನು ಬಳಸಿದರಲ್ಲ ಎಂದು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೆ ಬೇಲಿಯಾಗಿ ಅದರ ಗಟ್ಟಿತನ ಎಷ್ಟು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪಿಕಳಾರ, 26 ಸೆಪ್ಟೆಂಬರ್ 2024

ಆ ಬೇಲಿಯನ್ನು ಬೆಳೆಸುವುದರಲ್ಲಿ ಮುಂದೆ ನಿಂತವರು ಅಲನ್ ಆಕ್ಟೇವಿಯನ್ ಹ್ಯೂಮ್. 1867ರಿಂದ 1870ರವರೆಗೆ ಸುಂಕದ ಕಮಿಷನರ್ ಆಗಿದ್ದರು. ಭಾರತದ ಹಕ್ಕಿಗಳನ್ನು ಅಧ್ಯಯನ ಮಾಡುವವರೆಲ್ಲ ನೆನೆಯುವ ಹೆಸರು, 1885ರಲ್ಲಿ ಕಾಂಗ್ರೆಸ್ ಹುಟ್ಟಿದಾಗಲೂ ಮುಂದೆ ಇದ್ದ ಹೆಸರು.

ನಾಲೆಯ ಕೆಳಗೆ, 26 ಸೆಪ್ಟೆಂಬರ್ 2024

ಇಲವಾಲದವರೇ, ನಿಮ್ಮ ನಿವೇಶನ ತಗ್ಗಿನಲ್ಲಿದ್ದರೆ ಮೊದಲು ಒಂದೂವರೆ ಅಡಿ ಎತ್ತರಕ್ಕೆ ಮಣ್ಣು ಏರಿಸಿ ಏರಿ ಮಾಡಿ, ಏರಿಯ ಮೇಲೆ ನೆಡಿ. ನಾನು ಎರಡನೆಯ ಸಲ ಹಾಗೆ ಮಾಡಿದೆ. ಎರೆಮಣ್ಣಿಗೆ ಅರ್ಧದಷ್ಟು ಗರಸು ಬೆರೆಸಿ, ಬದುವಿನ ಎತ್ತರದಲ್ಲಿ ಮೂರು ಗಿಡ ಹಾಕಿದ್ದೇನೆ. ಮೂರೂ ಬದುಕಿವೆ.

ಮೂಲೆಮನೆ, 9 ಫೆಬ್ರವರಿ 2025

ನಾಲ್ಕೂವರೆ ತಿಂಗಳು ಈ ಕಡೆ ಬಂದಿರಲಿಲ್ಲ. ಇವತ್ತು ಬರೆಯದೆ ಇರಲಾರೆ. ಹೂವು ಬಿಟ್ಟಿದೆ!

ದೀಪಾವಳಿಯ ಮೇಲೆ ನೀರು ನಿಲ್ಲಿಸಿದೆ. ಡಿಸೆಂಬರಿನಲ್ಲಿ ಎಲೆಗಳು ಕಾಂತಿ ಕಳೆದುಕೊಂಡವು, ಕೆಳಗಿನ ಎಲೆಗಳು ಸ್ವಲ್ಪ ಉದುರಿದವು. ಎರಡು ಸಲ ಪೈಪನ್ನು ಕೈಗೆತ್ತಿಕೊಂಡು, ರಾಗಿಹೊಲದವರ ಮಾತು ನೆನಪಾಗಿ ಕೆಳಗಿಟ್ಟೆ. ಸಂಕ್ರಾಂತಿಯ ಎಳ್ಳು ಬೀರಲು ಬಂದವರೆಲ್ಲ "ಬೇಲಿ ಯಾಕೆ ಹೀಗೆ ಕೆದರಿಕೊಂಡಿದೆ" ಎಂದು ಕೇಳಿದರು. ಜನವರಿಯ ಕೊನೆಯ ವಾರ ಕುಡಿಗಳ ತುದಿಯಲ್ಲಿ ಅಕ್ಕಿಕಾಳಿನಂಥ ಮೊಗ್ಗುಗಳು ಕಂಡವು, ತುದಿಗೆ ಸ್ವಲ್ಪ ಗುಲಾಬಿ ಬಣ್ಣ. ನಿನ್ನೆ ಸಂಜೆ ಅವು ಅರಳಿದವು. ಸಣ್ಣ ಕೊಳವೆ, ಅದರ ತುದಿಯಲ್ಲಿ ಐದು ಬಿಳಿ ಎಸಳುಗಳು, ಮಕ್ಕಳು ಜಾತ್ರೆಯಲ್ಲಿ ಕೊಳ್ಳುವ ಗಿರಿಗಿಟ್ಟಲೆಯ ಹಾಗೆ ಒಂದರ ಪಕ್ಕ ಒಂದು ತಿರುಚಿಕೊಂಡಿವೆ. ಕತ್ತಲಾದ ಮೇಲೆ ವಾಸನೆ ಎಷ್ಟು ಜೋರಾಯಿತೆಂದರೆ, ನಮ್ಮ ಯಜಮಾನರು "ಯಾರು ಮಲ್ಲಿಗೆ ತಂದದ್ದು?" ಎಂದು ಒಳಗಿನಿಂದಲೇ ಕೇಳಿದರು. ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ಬೇಲಿ ತೆಗೆಸುವ ಮಾತನ್ನು ಅವರೇ ವಾಪಸ್ ತೆಗೆದುಕೊಂಡರು.

ಊರಿನಲ್ಲಿ ಮಾವು ಇನ್ನೂ ಹೂವಿನಲ್ಲಿದೆ, ಹೊಂಗೆ ಚಿಗುರಿಲ್ಲ, ಮಳೆಗೆ ಇನ್ನೂ ಎರಡು ತಿಂಗಳು ಬೇಕು. ಒಂದು ಹನಿ ನೀರಿಲ್ಲದೆ ಈ ಗಿಡ ಹೀಗೆ ಅರಳಿರುವುದನ್ನು ನೋಡಿದರೆ ಏನೆನ್ನಬೇಕೋ ತಿಳಿಯುತ್ತಿಲ್ಲ.

ರಾಗಿಹೊಲ, 9 ಫೆಬ್ರವರಿ 2025

ಬಹಳ ಸಂತೋಷ ತಾಯಿ. ನಮ್ಮಲ್ಲಿಯೂ ಈ ವಾರವೇ ಬಿಟ್ಟಿದೆ. ಕಾಯಿ ಗುಂಡುಸೂಜಿಯ ತಲೆಯಷ್ಟಾದ ಮೇಲೆ ಹದಿನೈದು ದಿನಕ್ಕೊಮ್ಮೆ ನೀರು ಕೊಟ್ಟರೆ ಕಾಯಿ ಉದುರುವುದು ಕಡಿಮೆಯಾಗುತ್ತದೆ. ನಮಗೆ ಆ ಅನುಕೂಲವಿಲ್ಲ, ನಿಮಗಿದೆ.

ನಾಲ್ಕನೇ ಮಹಡಿ (ಬೋಗಾದಿ, ಮೈಸೂರು), 11 ಫೆಬ್ರವರಿ 2025

ನಮ್ಮ ಅಪಾರ್ಟ್‌ಮೆಂಟಿನ ಮುಂದೆಯೂ ಕವಳೆ ಎಂದು ಕೊಟ್ಟ ಗಿಡಗಳಿವೆ. ವರ್ಷವಿಡೀ ಅಷ್ಟಿಷ್ಟು ಹೂ ಬಿಡುತ್ತವೆ, ಕಾಯಿ ಮಾತ್ರ ಕಚ್ಚುವುದಿಲ್ಲ. ಎಲೆ ದುಂಡಗೆ, ದಪ್ಪಗೆ, ಹೊಳೆಯುತ್ತದೆ. ಮುಳ್ಳು ಇಂಗ್ಲಿಷಿನ ವೈ ಅಕ್ಷರದ ಹಾಗೆ ಕವಲೊಡೆದಿದೆ. ಹೂವು ಎರಡು ಅಂಗುಲ ಅಗಲ.

ಪಿಕಳಾರ, 11 ಫೆಬ್ರವರಿ 2025

ಅಷ್ಟು ದೊಡ್ಡ ಹೂವೆಂದರೆ ಅದು ನಮ್ಮ ಕವಳೆಯಲ್ಲ, ದಕ್ಷಿಣ ಆಫ್ರಿಕಾದಿಂದ ಬಂದ ಅದರ ದಾಯಾದಿ, ನೇಟಾಲ್ ಪ್ಲಮ್. ಅದರ ಹಣ್ಣನ್ನೂ ತಿನ್ನಬಹುದು, ಪೂರ್ತಿ ಕೆಂಪಾಗಿ ಮೆತ್ತಗಾದ ಮೇಲೆ ಮಾತ್ರ. ಆದರೆ ಒಂದೇ ತಾಯಿಯ ಕಡ್ಡಿಯಿಂದ ಮಾಡಿದ ಗಿಡಗಳು ತಮ್ಮತಮ್ಮೊಳಗಿನ ಪರಾಗದಿಂದ ಕಾಯಿ ಕಟ್ಟುವುದು ಅಪರೂಪ. ಬೇರೆ ಕಡೆಯ ಗಿಡದ ಪರಾಗವನ್ನು ಸಣ್ಣ ಕುಂಚದಲ್ಲಿ ತಂದು ಸವರಿ ನೋಡಿ.

ಉಪ್ಪು ಖಾರ (ಶ್ರೀರಂಗಪಟ್ಟಣ), 4 ಮೇ 2025

ಮೂಲೆಮನೆ ಅಕ್ಕ, ಕಾಯಿ ಹೇಗಿದೆ? ಭರಣಿ ಮಳೆ ನಡೆಯುತ್ತಿದೆ, ನಿಮ್ಮ ಕಾಯಿ ಈಗ ಉಪ್ಪಿನಕಾಯಿಗೆ ಹದವಾಗಿರಬೇಕು. ನೀವು ಕೇಳದಿದ್ದರೂ ನಮ್ಮ ಅತ್ತೆ ಮಾಡುವ ಕ್ರಮವನ್ನು ಬರೆಯುತ್ತೇನೆ. ಅವರಿಗೆ ಕಣ್ಣು ಮಂಜಾಗಿದೆ, ನಾನು ಬರೆದಿಡದಿದ್ದರೆ ಇದು ಅವರ ಜೊತೆಗೇ ಹೋಗುತ್ತದೆ.

ಕಾಯಿ ಗಟ್ಟಿಯಾಗಿ, ಹಸಿರಿನಲ್ಲಿ ಸ್ವಲ್ಪ ಕೆಂಪು ಮೂಡಿದಾಗ ಕೀಳಬೇಕು. ಪೂರ್ತಿ ಹಸಿರಾದರೆ ಒಗರು, ಕೆಂಪಾದರೆ ಮೆತ್ತಗಾಗಿಬಿಡುತ್ತದೆ. ಕೀಳುವಾಗ ತೊಟ್ಟಿನಲ್ಲಿ ಬಿಳಿ ಸೊನೆ ಜಿನುಗುತ್ತದೆ. ಮೊದಲೇ ಕೈಗೆ, ಚಾಕುವಿಗೆ ಎಣ್ಣೆ ಸವರಿಕೊಳ್ಳಿ, ಇಲ್ಲದಿದ್ದರೆ ಎರಡು ದಿನ ಬೆರಳು ಅಂಟುತ್ತದೆ. ತೊಳೆದು, ಎರಡು ಹೋಳು ಮಾಡಿ, ಬೀಜ ತೆಗೆದು, ಹರಳುಪ್ಪು ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ನೋಡಿದರೆ ಸೊನೆಯೆಲ್ಲ ನೀರಿನ ಮೇಲೆ ತೆಳ್ಳಗೆ ಕೆನೆಯ ಹಾಗೆ ನಿಂತಿರುತ್ತದೆ. ಆ ನೀರನ್ನು ಚೆಲ್ಲಿ. ಹೋಳುಗಳನ್ನು ಬಟ್ಟೆಯ ಮೇಲೆ ನೆರಳಿನಲ್ಲಿ ಅರ್ಧ ದಿನ ಆರಿಸಿ.

ಆಮೇಲೆ ಒಂದು ಸೇರು ಹೋಳಿಗೆ ಕಾಲು ಸೇರು ಪುಡಿ ಉಪ್ಪು. ಖಾರದ ಪುಡಿ ಅದಕ್ಕಿಂತ ಸ್ವಲ್ಪ ಕಡಿಮೆ. ಹುರಿದ ಮೆಂತ್ಯ, ಹಸಿ ಸಾಸಿವೆ ಪುಡಿ ಮಾಡಿ ಎರಡೆರಡು ಚಮಚ, ಇಂಗು. ಎಳ್ಳೆಣ್ಣೆ ಕಾಯಿಸಿ ಪೂರ್ತಿ ಆರಿದ ಮೇಲೆ ಹೋಳು ಮುಳುಗುವಷ್ಟು ಹಾಕಿ. ನಿಂಬೆಹಣ್ಣು, ಹುಣಸೆಹಣ್ಣು ಯಾವುದೂ ಬೇಡ, ಹುಳಿ ಅದರಲ್ಲೇ ಇದೆ. ಹದಿನೈದು ದಿನ ಜಾಡಿಯ ಬಾಯಿ ಕಟ್ಟಿಡಿ. ಮೊಸರನ್ನಕ್ಕೆ ಇದರ ಸಮ ಬೇರೊಂದಿಲ್ಲ.

ಮೂಲೆಮನೆ, 5 ಮೇ 2025

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಇವತ್ತೇ ಅರ್ಧ ಕೆಜಿ ಕಿತ್ತೆ. ಎಣ್ಣೆ ಸವರಿಕೊಳ್ಳುವ ಮಾತನ್ನು ಓದುವ ಮುಂಚೆಯೇ ಕಿತ್ತಿದ್ದರಿಂದ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ಉಳಿದದ್ದನ್ನು ಹಣ್ಣಾಗಲು ಬಿಟ್ಟಿದ್ದೇನೆ. ಹಣ್ಣಿನಿಂದ ಏನು ಮಾಡಬಹುದು?

ಪಾಕದ ಎಳೆ (ಯಾದವಗಿರಿ, ಮೈಸೂರು), 6 ಮೇ 2025

ಜೆಲ್ಲಿ ಮಾಡಿ. ಹಣ್ಣಿನ ಸಂಸ್ಕರಣೆಯಲ್ಲೇ ನನ್ನ ಮೂವತ್ತು ವರ್ಷದ ಕೆಲಸ ಕಳೆದಿದೆ, ಅದಕ್ಕೆ ಧೈರ್ಯವಾಗಿ ಹೇಳುತ್ತೇನೆ. ಕವಳೆಯಲ್ಲಿ ಪೆಕ್ಟಿನ್ ಧಾರಾಳವಾಗಿದೆ, ಹುಳಿಯೂ ಇದೆ. ಜೆಲ್ಲಿ ಕಟ್ಟುವುದಕ್ಕೆ ಈ ಎರಡು ಬೇಕು, ಇನ್ನುಳಿದದ್ದು ಸಕ್ಕರೆ. ಅಂಗಡಿಯಿಂದ ಪೆಕ್ಟಿನ್ ಪುಡಿ ತರುವ ಅಗತ್ಯವೇ ಇಲ್ಲ.

ಬರೀ ಪೂರ್ತಿ ಕಪ್ಪಾದ ಹಣ್ಣನ್ನೇ ಹಾಕಬೇಡಿ. ಹಣ್ಣು ಮಾಗಿದಷ್ಟೂ ಪೆಕ್ಟಿನ್ ಕಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ. ಮೂರು ಪಾಲು ಹಣ್ಣಿಗೆ ಒಂದು ಪಾಲು ಕೆಂಪು ದೋರೆಗಾಯಿ ಸೇರಿಸಿ. ಸ್ಟೀಲ್ ಪಾತ್ರೆಯಲ್ಲಿ ಹಣ್ಣು ಮುಳುಗುವಷ್ಟೇ ನೀರು ಹಾಕಿ, ಮೆತ್ತಗಾಗುವವರೆಗೆ ಬೇಯಿಸಿ. ಹುಳಿ ಜಾಸ್ತಿ, ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ. ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿ, ತಾನಾಗಿ ಸೋರಲಿ. ಹಿಂಡಿದರೆ ಜೆಲ್ಲಿ ಕದಡುತ್ತದೆ. ಒಂದು ಲೋಟ ರಸಕ್ಕೆ ಮುಕ್ಕಾಲು ಲೋಟ ಸಕ್ಕರೆ ಹಾಕಿ ಜೋರು ಉರಿಯಲ್ಲಿ ಕುದಿಸಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಪುಸ್ತಕಗಳಲ್ಲಿ ಜೆಲ್ಲಿಯ ಹದ 105 ಡಿಗ್ರಿ ಎಂದು ಬರೆದಿರುತ್ತಾರೆ. ಅದು ಸಮುದ್ರಮಟ್ಟದ ಲೆಕ್ಕ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ನಮ್ಮಲ್ಲಿ ನೀರು ಕುದಿಯುವುದೇ 97ರಿಂದ 98 ಡಿಗ್ರಿಗೆ. ಅದಕ್ಕೆ ಐದು ಡಿಗ್ರಿ ಸೇರಿಸಿ, 102 ದಾಟಿ 103ರ ಹತ್ತಿರ ಬಂದಾಗ ಇಳಿಸಿ. 105ರವರೆಗೆ ಕಾದರೆ ಗೋಂದಿನ ಹಾಗೆ ಆಗುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ಸೌಟಿನಲ್ಲಿ ಎತ್ತಿ ಓರೆ ಮಾಡಿ: ಹನಿಹನಿಯಾಗಿ ಬೀಳದೆ, ಎರಡು ಹನಿ ಕೂಡಿಕೊಂಡು ಹಾಳೆಯ ಹಾಗೆ ಜಾರಿ ಬಿದ್ದರೆ ಹದ ಬಂತು.

ಬೇಕರಿಯ ಕೇಕಿನ ಮೇಲೆ ಇಡುವ ಕೆಂಪು "ಚೆರ್ರಿ" ಬಹುಪಾಲು ಕವಳೆಕಾಯಿಯೇ. ಅದರ ಸ್ವಂತ ಬಣ್ಣವನ್ನು ತೆಗೆದು, ಬೇರೆ ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ನೆನೆಸಿದ್ದು. ಜೆಲ್ಲಿಯಾದ ಕವಳೆಯ ನಿಜವಾದ ಬಣ್ಣವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಆಗ ನನ್ನ ಬೇಸರ ಏನೆಂದು ನಿಮಗೆ ಅರ್ಥವಾಗುತ್ತದೆ.

ಮೂಲೆಮನೆ, 29 ಜೂನ್ 2025

ಮೂರು ಬಾಟಲಿ ಜೆಲ್ಲಿ ಆಯಿತು. ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ, ಬೆಳಗಿನ ಬಿಸಿಲಿನಲ್ಲಿ ದಾಳಿಂಬೆ ರಸದ ಬಣ್ಣ. ಮೊದಲ ಬಾಟಲಿ ದೋಸೆಯ ಜೊತೆ ಅರ್ಧ ಮುಗಿದಿದೆ. ಎಲ್ಲ ಸೇರಿ ಹನ್ನೊಂದು ಗಿಡದಿಂದ ನಾಲ್ಕು ಕೆಜಿ ಬಂತು.

ರಾಗಿಹೊಲ, 29 ಜೂನ್ 2025

ಮೊದಲ ವರ್ಷಕ್ಕೆ ಒಳ್ಳೆಯದೇ. ಒಂಟಿಯಾಗಿ ಬಿಟ್ಟ ದೊಡ್ಡ ಗಿಡವೊಂದೇ ಮೂರು ನಾಲ್ಕು ಕೆಜಿ ಕೊಡುತ್ತದೆ, ಆದರೆ ನಿಮ್ಮದು ಒತ್ತಾದ ಬೇಲಿ. ಈಗ ಹಣ್ಣು ಮುಗಿದಿದೆ, ಮಾಲಿಯನ್ನು ಕರೆಯಿರಿ. ಜುಲೈ ಮುಗಿಯುವುದರೊಳಗೆ ಸವರಿಸಿ, ಆಮೇಲೆ ಮುಂದಿನ ಹಣ್ಣಿನವರೆಗೆ ಕತ್ತರಿಯನ್ನು ಬೀರುವಿನಲ್ಲಿಡಿ. ಜೆಲ್ಲಿ ಮಾಡಿದ ಹಣ್ಣಿನ ಬೀಜ ಬೆಂದಿರುತ್ತದೆ, ಹುಟ್ಟುವುದಿಲ್ಲ. ಹಸಿ ಹಣ್ಣು ಉಳಿದಿದ್ದರೆ ಬೀಜ ತೆಗೆದು, ತೊಳೆದು, ಒಂದೆರಡು ದಿನದಲ್ಲೇ ಹಾಕಿ. ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಹಾಕೋಣವೆಂದರೆ ಸತ್ತಿರುತ್ತದೆ.

ಮೂಲೆಮನೆ, 27 ಜುಲೈ 2025

ನೀವು ಹೇಳಿದ ಮರುದಿನವೇ ಹಾಕಿದೆ. ಹಾಲಿನ ಖಾಲಿ ಪ್ಯಾಕೆಟ್ಟುಗಳಲ್ಲಿ ಕೆಮ್ಮಣ್ಣು, ಮರಳು, ಗೊಬ್ಬರ ಬೆರೆಸಿ ಅರವತ್ತು ಬೀಜ. ನಲವತ್ತೊಂದು ಹುಟ್ಟಿವೆ. ಎರಡೆರಡು ಎಲೆ ಬಂದಿದೆ, ಇನ್ನೂ ಮುಳ್ಳು ಮೂಡಿಲ್ಲ, ಮುಟ್ಟಿದರೆ ಮೃದುವಾಗಿವೆ. ಇಷ್ಟನ್ನು ನಾನೊಬ್ಬಳೇ ಇಟ್ಟುಕೊಂಡು ಏನು ಮಾಡಲಿ? ಇಲವಾಲದವರಿಗೆ ಇಪ್ಪತ್ತು ತೆಗೆದಿಟ್ಟಿದ್ದೇನೆ, 40 ಅಡಿಗೆ ಸರಿಹೋಗುತ್ತದೆ. ಇಷ್ಟು ಎಳೆಯ ಸಸಿಯನ್ನು ಈಗಲೇ ಕೊಡುವುದಿಲ್ಲ. ಮುಂದಿನ ಮುಂಗಾರಿನವರೆಗೆ ನನ್ನ ಹತ್ತಿರವೇ ಬೆಳೆಯಲಿ.

ಹೊಸ ಬಡಾವಣೆ, 27 ಜುಲೈ 2025

ಮೇಡಂ, ಖಂಡಿತ ಬರುತ್ತೇನೆ. ಅಷ್ಟರೊಳಗೆ ಮಣ್ಣು ಏರಿಸಿಡುತ್ತೇನೆ. ಮಾವನವರು ಮನೆಯ ಹಿಂಬದಿಗೆ ಮತ್ತು ರಸ್ತೆ ಕಡೆಗೆ ತಂತಿ, ಪಕ್ಕದ ಎರಡು ಬದಿಗೆ ಕವಳೆ ಎಂಬಷ್ಟಕ್ಕೆ ಒಪ್ಪಿದ್ದಾರೆ.

ಉಪ್ಪು ಖಾರ, 28 ಜುಲೈ 2025

ನನಗೆ ಎರಡು ಕೊಡಿ ಅಕ್ಕ. ಅತ್ತೆಯ ಕೈಯಲ್ಲೇ ನೆಡಿಸುತ್ತೇನೆ.

ರಾಗಿಹೊಲ, 28 ಜುಲೈ 2025

ಹಾಲಿನ ಪ್ಯಾಕೆಟ್ಟಿನ ತಳಕ್ಕೆ ತೂತು ಮಾಡಿದ್ದೀರಿ ತಾನೇ?

ಮೂಲೆಮನೆ, 28 ಜುಲೈ 2025

ಮಾಡಿದ್ದೇನೆ. ಒಂದೊಂದಕ್ಕೂ ನಾಲ್ಕು ತೂತು, ಅದೇ ಗಿಡದ ಮುಳ್ಳಿನಿಂದ.